ಹವಾಯಿಲೋವಾ ನಾವೆಯ ನಿರ್ಮಾಣ

ಹವಾಯಿ ದ್ವೀಪಗಳ ಪೂರ್ವಿಕರು ತಮ್ಮ ಹಾಯಿದೋಣಿಗಳನ್ನು ಕೋವಾ ಮರದ ದಿಮ್ಮಿಗಳಿಂದ ಕೊರೆಯುತ್ತಿದ್ದರು. 1975ರಲ್ಲಿ ನೀರಿಗಿಳಿದ ಹೋಕುಲೇಆ ನಾವೆಯು ಆಕಾರದಲ್ಲಿ ಪ್ರಾಚೀನವಾದರೂ ದ್ರವ್ಯದಲ್ಲಿ ಆಧುನಿಕವಾಗಿದ್ದಿತು. ಈ ಕೊರತೆಯನ್ನು ನೀಗಲೆಂದು ಪಾಲಿನೇಷ್ಯದ ನೌಕಾಯಾನ ಸಂಘದವರು 1990ರ ಸುಮಾರಿಗೆ ಮರವನ್ನರಸಿ ಕಾಡು ಹೊಕ್ಕರು. ತಿಂಗಳುಗಟ್ಟಲೆ ಅಲೆದರೂ ತಕ್ಕ ಗಾತ್ರದ ಕೋವಾ ದೊರೆಯಲಿಲ್ಲ. ಮರಕಡಿತಕ್ಕೂ ದನಗಳ ಮೇವಿಗೂ ಕಾಡು ಬಲಿಯಾಗಿದ್ದಿತು. ಆಗ ಅಲಾಸ್ಕದ ಮೂಲನಿವಾಸಿಗಳು ಸುಮಾರು 400 ವರ್ಷ ಬಾಳಿದ ಎರಡು ಸ್ಪ್ರೂಸ್ ಮರಗಳನ್ನು ದಾನವಿತ್ತರು. ನಾವಿಕನಾದ ನೈನೋವಾ ಥಾಂಪ್ಸನ್ ಒಡನೆ ಅವನ್ನು ಕಡಿಸಲೊಪ್ಪಲಿಲ್ಲ. ತಮ್ಮ ಕಾಡನ್ನು ಕಳೆದುಕೊಂಡವರು ಅನ್ಯರ ಕಾಡಿಗೆ ಕೊಡಲಿಯಿಕ್ಕುವುದೆಂತು? ಹವಾಯಿಯಲ್ಲಿ ಕೋವಾ ಸಸಿಗಳನ್ನು ನೆಟ್ಟ ಬಳಿಕವೇ ಆ ಮರಗಳುರುಳಿದುವು. ಹಲವರ ಕೈದುಡಿಮೆಯಿಂದ 1993ರಲ್ಲಿ ನೀರಿಗಿಳಿದ ನಾವೆಯು 1995ರಲ್ಲಿ ಮಾರ್ಕೇಸಸ್ ದ್ವೀಪಗಳಿಂದ ಹವಾಯಿಗೆ ಯಾನಮಾಡಿತು. ಅದೇ ವರ್ಷ ಅಲಾಸ್ಕದ ದಾನಿಗಳ ತೀರವನ್ನೂ ಕಂಡಿತು.