ಪರದೇಶಿಯ ಪಾಠ

ನಮ್ಮ ಕಡೆ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥ. ಬೇರೆ ದೇಶದವನು ಎಂಬುದೊಂದು, ದಿಕ್ಕಿಲ್ಲದವನು ಎಂಬುದು ಇನ್ನೊಂದು. ನಾನು ಧಾರವಾಡದಲ್ಲಿ ಅಧ್ಯಾಪಕನಾಗಿದ್ದಾಗ ಹೊರದೇಶದ ವಿದ್ಯಾರ್ಥಿಯೊಬ್ಬ ಕನ್ನಡ ಕಲಿಯಲು ನಮ್ಮ ಮನೆಗೆ ಬರುತ್ತಿದ್ದ. ಪಾಠ ಮುಗಿಸಿ ಏಳುವಾಗ ‘ಹೋಗುತ್ತೇನೆ’ ಎನ್ನುವನು. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಆದರೆ ಒಂದು ದಿನ ನನ್ನ ತಾಯಿ ಒಳಗಿನಿಂದಲೇ, ‘ಹಂಗ ಅನಬಾರದೋ ತಮ್ಮಾ, ಬರ್ತೇನಿ ಅನಬೇಕು’ ಎಂದು ತಿದ್ದಿದರು. ಹೋಗುವವನು ಬರುತ್ತೇನೆ ಎನ್ನುವುದೇಕೆಂದು ಅವನು ನನ್ನನ್ನು ಕೇಳಿದ. ಎಂ.ಎ. ತರಗತಿಗೆ ಕೇಶಿರಾಜನನ್ನು ಬೋಧಿಸುತ್ತಿದ್ದ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಆಗ ನೆನಪಾದವರು ಫರ್ಡಿನಾಂಡ್ ಕಿಟ್ಟೆಲ್. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಧಾರವಾಡಕ್ಕೆ ಬಂದಾಗ ಈ ಜರ್ಮನ್ ತರುಣನಿಗೆ ಇಪ್ಪತ್ತೊಂದು ವರ್ಷ. ಬಂದದ್ದು ಮತಬೋಧನೆಗೆ, ಅದನ್ನು ನಾವು ಮರೆಮಾಚಬೇಕಾಗಿಲ್ಲ. ಆದರೆ ಬೋಧಿಸುವುದಕ್ಕೆ ಮೊದಲು ಕಲಿಯಬೇಕೆಂಬ ವಿವೇಕ ಅವರಲ್ಲಿತ್ತು. ಕನ್ನಡಿಗರಿಗೆ ತಾನೂ ಕನ್ನಡಿಗನಾಗಬೇಕೆಂಬುದು ಅವರ ಹಂಬಲ. ಸಂತ ಪೌಲನ ಪತ್ರದಲ್ಲಿ ಇಂಥ ಮಾತಿದೆ. ಕಿಟ್ಟೆಲ್ ಅದನ್ನು ಅಕ್ಷರಶಃ ನಡೆಸಹೊರಟರು. ಜೊತೆಗಾರರಿಗೆ ಅದು ಅತಿಯೆನಿಸಿತು. ಹೀಗೆ ಅತ್ತ ತನ್ನವರಿಂದ ದೂರ, ಇತ್ತ ಊರವರ ಕಣ್ಣಿಗೆ ಪಾದ್ರಿ: ಎರಡೂ ಅರ್ಥದಲ್ಲಿ ಪರದೇಶಿ!

ಉಡುಗೆ ಊಟಗಳನ್ನು ಬದಲಿಸಿಕೊಳ್ಳುವುದು ಕಷ್ಟವಲ್ಲ. ವಿಲಾಯತಿಗೆ ಹೋದ ನಮ್ಮ ಹುಡುಗರು ಆರು ತಿಂಗಳಲ್ಲಿ ಮಾಡಿ ತೋರಿಸಿದ್ದಾರೆ. ಕಿಟ್ಟೆಲ್ಲರ ದಾರಿ ಬೇರೆ. ಕ್ರಿಸ್ತನ ಕಥೆಯನ್ನು ಹೇಳಲು ಅವರು ನಮ್ಮ ಛಂದಸ್ಸನ್ನೇ ಕಲಿತು 1862ರಲ್ಲಿ ‘ಕಥಾಮಾಲೆ’ಯನ್ನು ರಚಿಸಿದರು. 1872ರಲ್ಲಿ ‘ಶಬ್ದಮಣಿದರ್ಪಣ’ವನ್ನು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಮತಬೋಧಕ ಅಷ್ಟರಲ್ಲಿ ಹಿಂದೆ ಸರಿದು ವಿದ್ಯಾರ್ಥಿ ಮುಂದೆ ಬಂದಿದ್ದ. ಮಿಶನ್ನಿಗೆ ಅದು ನಷ್ಟವೋ ಏನೋ, ನಮಗಂತೂ ಅಲ್ಲ.

1877ರಲ್ಲಿ ಸ್ವದೇಶಕ್ಕೆ ಮರಳಿದವರು, ಐವತ್ತು ದಾಟಿದ ಮೇಲೆ 1883ರಲ್ಲಿ ನಿಘಂಟಿಗಾಗಿ ಮತ್ತೆ ಬಂದರು. 1894ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾಯಿತು; ಸುಮಾರು 70,000 ಶಬ್ದಗಳು. ಕಾವ್ಯದ ಪದಗಳೊಡನೆ ಬೀದಿಯ ಮಾತು, ಹೆಣ್ಣುಮಕ್ಕಳ ಬಾಯ ಗಾದೆ ಎಲ್ಲಕ್ಕೂ ಅಲ್ಲಿ ಜಾಗ ಸಿಕ್ಕಿತು. ನಮ್ಮ ಪಂಡಿತರು ಅಲಕ್ಷಿಸಿದ್ದನ್ನು ಈ ಪರಕೀಯ ಕಿವಿಗೊಟ್ಟು ಕೇಳಿದ್ದರು.

1903ರಲ್ಲಿ ಅವರ ಕನ್ನಡ ವ್ಯಾಕರಣವೂ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು.

ನನ್ನ ವಿದ್ಯಾರ್ಥಿಯೂ ವರ್ಷ ತುಂಬಿದ ಮೇಲೆ ತನ್ನ ದೇಶಕ್ಕೆ ಹೊರಟ. ಅಂದು ನನಗಿಂತ ಮೊದಲು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತು, ‘ಬರ್ತೇನ್ರೀ ಅವ್ವಾ’ ಎಂದ.