ಅಲರ್ಜಿಗೆ ಇಮ್ಯುನೋಥೆರಪಿ: ಯಾರಿಗೆ, ಎಷ್ಟು ಕಾಲ?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡಿಗರಲ್ಲಿ ಅನೇಕರು ಮಗ್ಗ, ನೂಲಿನ ಗಿರಣಿ, ಬನಿಯನ್ ಕಂಪನಿಗಳನ್ನು ನಂಬಿದವರು. ಸೀನು, ಮೂಗು ಸೋರಿಕೆ, ಉಬ್ಬಸ ಎಲ್ಲವನ್ನೂ ನಾವು ‘ಧೂಳಿನ ಅಲರ್ಜಿ’ ಎಂದುಬಿಡುತ್ತೇವೆ. ಆದರೆ ಇಲ್ಲಿರುವುದು ಎರಡು ಬೇರೆ ತೊಂದರೆಗಳು.

ಮನೆಧೂಳಿನ ನುಸಿ, ಪರಾಗ ಮೊದಲಾದವುಗಳಿಗೆ ದೇಹವು ಐಜಿಇ ಪ್ರತಿಕಾಯದ ಮೂಲಕ ಪ್ರತಿಕ್ರಿಯಿಸುವುದು ಅಲರ್ಜಿ. ಚರ್ಮ ಅಥವಾ ರಕ್ತಪರೀಕ್ಷೆಯಿಂದ ಕಾರಣವನ್ನು ಗುರುತಿಸಿ, ಅದೇ ವಸ್ತುವಿನ ಸಾರವನ್ನು ಅತ್ಯಲ್ಪ ಪ್ರಮಾಣದಿಂದ ಏರಿಸುತ್ತ ಕೊಡುವುದೇ ಇಮ್ಯುನೋಥೆರಪಿ. 1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದಿಂದ ಇಂತಹ ಚಿಕಿತ್ಸೆಯನ್ನು ವರದಿ ಮಾಡಿದರು. ಚುಚ್ಚುಮದ್ದು ಮೊದಲ ಕೆಲವು ತಿಂಗಳು ಸಾಮಾನ್ಯವಾಗಿ ವಾರಕ್ಕೊಮ್ಮೆ, ಅನಂತರ ತಿಂಗಳಿಗೊಮ್ಮೆ. ಒಟ್ಟು 3ರಿಂದ 5 ವರ್ಷ. ನಾಲಗೆಯಡಿ ಇಡುವ ಮದ್ದೂ ಉಂಟು. ಗುಣ ಕಂಡಿತೆಂದು ನಡುವೆ ಬಿಟ್ಟರೆ ಫಲ ಉಳಿಯುವುದು ಕಷ್ಟ. ಪೂರೈಸಿದರೆ ನಿಲ್ಲಿಸಿದ ಮೇಲೂ ವರ್ಷಗಟ್ಟಲೆ ಉಳಿಯಬಹುದು.

ಹತೋಟಿಗೆ ಬಾರದ ಉಬ್ಬಸವಿದ್ದವರಿಗೆ ಇದು ಸಲ್ಲದು. ತೀವ್ರ ಪ್ರತಿಕ್ರಿಯೆ ಅಪರೂಪಕ್ಕೆ ಬರಬಹುದಾದುದರಿಂದ, ಚುಚ್ಚುಮದ್ದಿನ ನಂತರ 30 ನಿಮಿಷ ವೈದ್ಯರ ನಿಗಾದಲ್ಲಿರಬೇಕು. ಅಲ್ಲಿ ಅಡ್ರಿನಲಿನ್ ಸಿದ್ಧವಿರಬೇಕು.

ಹತ್ತಿಧೂಳಿನಿಂದ ಬರುವ ಬಿಸಿನೋಸಿಸ್ ಬೇರೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಎದೆ ಬಿಗಿಯುವುದು ಅದರ ಆರಂಭದ ಲಕ್ಷಣ. ಅದಕ್ಕೆ ಈ ಚುಚ್ಚುಮದ್ದು ಪರಿಹಾರವಲ್ಲ. ಧೂಳನ್ನು ತಗ್ಗಿಸುವುದು, ಧೂಳಿನಿಂದ ದೂರವಾಗುವುದೇ ಮಾರ್ಗ. 1948ರ ಕಾರ್ಖಾನೆ ಕಾಯ್ದೆ ಅದನ್ನು ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಅಲರ್ಜಿಯೆಂದು ತಪ್ಪಾಗಿ ಬರೆಸಿಕೊಂಡ ಕಾರ್ಮಿಕನು ಚಿಕಿತ್ಸೆಯ ಜೊತೆಗೆ ಹಕ್ಕನ್ನೂ ಕಳೆದುಕೊಳ್ಳಬಹುದು.

ಆದ್ದರಿಂದ ಆಸ್ಪತ್ರೆಯಲ್ಲಿ ತಮಿಳಿನಲ್ಲಿ ವಿವರಿಸುವಾಗ ‘ಅಲರ್ಜಿ’ ಎಂಬ ಒಂದೇ ಮಾತಿಗೆ ನಿಲ್ಲದೆ, ಯಾವ ದಿನ, ಯಾವ ಜಾಗದಲ್ಲಿ ತೊಂದರೆ ಹೆಚ್ಚುತ್ತದೆಂಬುದನ್ನೂ ನಾವು ತಿಳಿಸಬೇಕು.