ಅರಿವಿನ ಹಂಚಿಕೆ, ದರದ ಒಂಟಿತನ: ಅಮೆರಿಕದ ಸ್ವತಂತ್ರ ಫೀಡ್‌ಲಾಟ್ ಮಾಲೀಕರ ಸಹಕಾರ

ಕನ್ಸಾಸ್, ನೆಬ್ರಾಸ್ಕ, ಅಯೋವ, ಟೆಕ್ಸಾಸ್‌ಗಳ ಫೀಡ್‌ಲಾಟ್‌ಗಳಲ್ಲಿ ಹುಲ್ಲುಗಾವಲಿನಿಂದ ಬಂದ ಎಳೆಯ ದನಗಳನ್ನು ಬೇಲಿಯೊಳಗೆ ಕೂಡಿ, ಮೆಕ್ಕೆಜೋಳವೇ ಮುಖ್ಯವಾದ ಮೇವು ಹಾಕಿ, ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಕೊಬ್ಬಿಸುತ್ತಾರೆ. ಮಾರುವವರು ಸಾವಿರಾರು. ಹೀಗೆ ಕೊಬ್ಬಿಸಿದ ದನಗಳಲ್ಲಿ ಶೇ. 80ಕ್ಕೂ ಹೆಚ್ಚನ್ನು ಕೊಳ್ಳುವವರು ಮಾತ್ರ ಟೈಸನ್, ಜೆಬಿಎಸ್, ಕಾರ್ಗಿಲ್, ನ್ಯಾಷನಲ್ ಬೀಫ್ ಎಂಬ ನಾಲ್ಕೇ ಕಂಪನಿಗಳು. ಈ ಅಸಮತೋಲನದ ನಡುವೆ ಸ್ವತಂತ್ರ ಮಾಲೀಕರು ಪರಸ್ಪರ ಕಲಿಸಿಕೊಳ್ಳುವುದರಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದು ಈ ಲೇಖನದ ಪ್ರಶ್ನೆ. ಅರಿವಿನ ಸಹಕಾರ ಸುಲಭವಾಗಿ ಕುದುರುತ್ತದೆ; ದರದ ಸಹಕಾರ ನಿಲ್ಲಬೇಕಾದರೆ ಹಕ್ಕು ಮತ್ತು ಹೊಣೆ ಒಂದೇ ಕರಾರಿನಲ್ಲಿ ಬೆಸೆದಿರಬೇಕು ಎಂಬುದು ಇಲ್ಲಿನ ವಾದ.

1. ಕಲಿಕೆಯ ಬಲ ಮತ್ತು ಮಿತಿ

ಸಾಕಣೆಯ ಹೆಚ್ಚಿನ ಕಷ್ಟ ಮೊದಲ ಕೆಲವು ವಾರಗಳಲ್ಲಿದೆ. ದೂರದ ಸಾಗಣೆಯಿಂದ ದಣಿದ ದನಕ್ಕೆ ಶ್ವಾಸಕೋಶದ ರೋಗ ತಗಲುತ್ತದೆ. ಹುಲ್ಲಿನಿಂದ ಕಾಳಿಗೆ ಅವಸರದಲ್ಲಿ ಬದಲಿಸಿದರೆ ಹೊಟ್ಟೆಯಲ್ಲಿ ಆಮ್ಲ ಏರುತ್ತದೆ. ಬೆಳಗಿನ ಜಾವ ಗೋದಲಿಯಲ್ಲಿ ಉಳಿದ ಮೇವು ನೋಡಿ ಅಂದಿನ ಪ್ರಮಾಣ ನಿರ್ಧರಿಸುವ ಕೌಶಲ ಕೈಪಿಡಿಯಿಂದ ಬರುವಂಥದಲ್ಲ, ಬಲ್ಲವರ ಪಕ್ಕದಲ್ಲಿ ನಿಂತೇ ಬರಬೇಕು. ಒಂದು ಗುಂಪು ಮಾರಾಟವಾದ ಮೇಲೆ ತೂಕದ ಏರಿಕೆ, ತಿಂದ ಮೇವು, ಸಾವಿನ ಪ್ರಮಾಣ, ಖರ್ಚು ಎಲ್ಲವನ್ನೂ ಕೂಡಿಸಿ ಬರೆಯುವ ಲೆಕ್ಕಕ್ಕೆ ಕ್ಲೋಸ್‌ಔಟ್ ಎನ್ನುತ್ತಾರೆ. ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ‘ಫೋಕಸ್ ಆನ್ ಫೀಡ್‌ಲಾಟ್ಸ್’ ವರದಿ ಇಂಥ ಲೆಕ್ಕಗಳನ್ನೇ ಒಟ್ಟುಗೂಡಿಸಿ ಸರಾಸರಿಗಳನ್ನು ಪ್ರಕಟಿಸುತ್ತ ಬಂದಿದೆ.

ನೆರೆಯವನಿಗೆ ಗುಟ್ಟು ಬಿಟ್ಟುಕೊಡಲು ಮಾಲೀಕ ಅಂಜದಿರುವುದಕ್ಕೆ ಕಾರಣ ಸರಳ: ನೆರೆಯವನ ದನ ಬದುಕಿತೆಂದು ನನ್ನ ದನದ ಬೆಲೆ ಇಳಿಯದು. ಮಾರುಕಟ್ಟೆಗೆ ಇಬ್ಬರೂ ಅಷ್ಟು ಸಣ್ಣವರು. ಆದರೆ ಮಿತಿ ಇರುವುದೂ ಇಲ್ಲಿಯೇ. ಎಲ್ಲರೂ ಖರ್ಚು ಇಳಿಸಿಕೊಂಡರೆ, ಉಳಿದ ಹಣ ಎಳೆಯ ದನ ಕೊಳ್ಳುವ ಹರಾಜಿನ ಪೈಪೋಟಿಯಲ್ಲಿ ಕರಗುತ್ತದೆ. ಅರ್ಥಶಾಸ್ತ್ರಜ್ಞ ವಿಲ್ಲರ್ಡ್ ಕಾಕ್ರನ್ 1958ರಲ್ಲಿ ವಿವರಿಸಿದ ಕೃಷಿಯ ‘ಟ್ರೆಡ್‌ಮಿಲ್’ ಇದೇ: ಹೊಸ ವಿಧಾನದ ಲಾಭ ಮೊದಲು ಹಿಡಿದವರಿಗೆ, ಉಳಿದವರಿಗೆ ಅದು ಕಸುಬಿನಲ್ಲಿ ಉಳಿಯಲು ತೆರುವ ಬೆಲೆ.

2. ಮಾರುವಾಗ ಒಂಟಿ

ಕೊಬ್ಬಿದ ದನ ಕಾಯುವ ಸರಕಲ್ಲ. ಹದ ಮೀರಿದ ಪ್ರತಿ ವಾರವೂ ಮೇವಿನ ಖರ್ಚು ಬೆಳೆಯುತ್ತದೆ, ಅತಿಕೊಬ್ಬಿಗೆ ದರವೂ ಕಡಿತವಾಗುತ್ತದೆ. 1955ರಲ್ಲಿ ಅಯೋವದಲ್ಲಿ ಹುಟ್ಟಿದ ನ್ಯಾಷನಲ್ ಫಾರ್ಮರ್ಸ್ ಆರ್ಗನೈಸೇಶನ್ 1962 ಮತ್ತು 1964ರಲ್ಲಿ ಜಾನುವಾರುಗಳನ್ನು ಮಾರುಕಟ್ಟೆಗೆ ಬಿಡದೆ ತಡೆಹಿಡಿಯುವ ಚಳವಳಿ ನಡೆಸಿತು. ಹೊರಗಿದ್ದವರು ಮಾರುತ್ತಲೇ ಹೋದರು. ದರ ಏರಿದರೆ ಅದರ ಫಲವೂ ಮೊದಲು ಅವರಿಗೇ. ತಡೆಹಿಡಿದವರಿಗೆ ಶಾಶ್ವತ ಲಾಭ ದಕ್ಕಲಿಲ್ಲ.

ಇಂದು ಅದೇ ಸಮಸ್ಯೆ ಬೇರೆ ವೇಷದಲ್ಲಿದೆ. ಟೆಕ್ಸಾಸ್‌ನ ದೊಡ್ಡ ಫೀಡ್‌ಲಾಟ್‌ಗಳು ಬಹುಪಾಲು ಸೂತ್ರದರದಲ್ಲಿ ಮಾರುತ್ತವೆ. ಆ ಸೂತ್ರಕ್ಕೆ ಆಧಾರ, ಬೇರೆಡೆ ಚೌಕಾಸಿಯಿಂದ ಕುದುರಿದ ನಗದು ದರ. ಅಂಥ ಚೌಕಾಸಿ ಹೆಚ್ಚು ಉಳಿದಿರುವುದು ಅಯೋವ, ನೆಬ್ರಾಸ್ಕಗಳಲ್ಲಿ. ಅಲ್ಲಿನ ಸಣ್ಣ ಮಾಲೀಕ ದರಕ್ಕಾಗಿ ಪಡುವ ಶ್ರಮದ ಫಲವನ್ನು ಎಲ್ಲರೂ ಉಣ್ಣುತ್ತಾರೆ, ಖರ್ಚು ಮಾತ್ರ ಅವನದು. ಖರೀದಿ ದರಗಳನ್ನು ವರದಿ ಮಾಡಲೇಬೇಕೆಂದು ಕಂಪನಿಗಳನ್ನು ಕಟ್ಟುಪಾಡಿಗೊಳಪಡಿಸಿದ 1999ರ ಕಾಯ್ದೆ ಮಾಹಿತಿ ಒದಗಿಸಿತು. ಚೌಕಾಸಿಯ ಬಲ ಒದಗಿಸಲಿಲ್ಲ.

3. ಹಕ್ಕಿನೊಡನೆ ಹೊಣೆ

ಉತ್ಪಾದಕರು ಕೂಡಿ ಮಾರಲು 1922ರ ಕ್ಯಾಪರ್–ವೋಲ್‌ಸ್ಟೆಡ್ ಕಾಯ್ದೆ ಅವಕಾಶ ಕೊಡುತ್ತದೆ. ಆದರೆ ಸ್ವತಃ ಸಾಕದವರು ಸದಸ್ಯರಾದ ಸಂಘಕ್ಕೆ ಆ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಕೋಳಿ ಉದ್ಯಮದ ಪ್ರಕರಣವೊಂದರಲ್ಲಿ ತೀರ್ಪಿತ್ತಿತು. ಬೇರೆಯವರ ದನಗಳನ್ನು ಬಾಡಿಗೆಗೆ ಮೇಯಿಸುವ ಫೀಡ್‌ಲಾಟ್‌ಗಳಿಗೆ ಇದು ಕಡೆಗಣಿಸಲಾಗದ ಎಚ್ಚರಿಕೆ.

1996ರಲ್ಲಿ ಕನ್ಸಾಸ್‌ನಲ್ಲಿ ರೂಪುಗೊಂಡ ಯು.ಎಸ್. ಪ್ರೀಮಿಯಂ ಬೀಫ್ ಎಂಬ ಉತ್ಪಾದಕರ ಸಂಸ್ಥೆ ಬೇರೆ ದಾರಿ ಹಿಡಿಯಿತು. ಸಂಸ್ಕರಣಾ ಕಂಪನಿಯಲ್ಲೇ ಪಾಲು ಕೊಂಡು, ಸದಸ್ಯರ ಒಂದೊಂದು ಷೇರಿಗೂ ವರ್ಷಕ್ಕೊಂದು ದನ ಒಪ್ಪಿಸುವ ಹಕ್ಕನ್ನೂ ಹೊಣೆಯನ್ನೂ ಜೋಡಿಸಿತು. ಗುಂಪಿಗೊಂದು ಸರಾಸರಿ ದರದ ಬದಲು ಪ್ರತಿ ದನಕ್ಕೂ ಅದರ ಮಾಂಸದ ಗುಣಮಟ್ಟದಂತೆ ದರ ಬಂತು. ಗುಣಮಟ್ಟದ ಮಾಹಿತಿಯೂ ಮಾಲೀಕನಿಗೆ ಮರಳಿತು. ಹೀಗೆ ಕಲಿಕೆ ಮತ್ತು ದರ ಒಂದೇ ದಾಖಲೆಯಲ್ಲಿ ಕೂಡಿದವು. 2003ರಲ್ಲಿ ನ್ಯಾಷನಲ್ ಬೀಫ್‌ನ ಬಹುಪಾಲು ಒಡೆತನ ಈ ಸಂಸ್ಥೆಗೆ ಸೇರಿತು. 2011ರಲ್ಲಿ ಲ್ಯುಕಾಡಿಯ ಕಂಪನಿ ಆ ಬಹುಪಾಲನ್ನು ಕೊಂಡ ಮೇಲೂ ದನ ಒಪ್ಪಿಸುವ ವ್ಯವಸ್ಥೆ ಮುಂದುವರಿಯಿತು: ಒಡೆತನ ಕೈಬದಲಾದರೂ ಕರಾರು ಉಳಿಯಬಲ್ಲದು. ನೆಬ್ರಾಸ್ಕದ ನಾರ್ತ್ ಪ್ಲಾಟ್‌ನಲ್ಲಿ ದನ ಸಾಕುವವರೇ ಮುಂದಾಗಿ ಕಟ್ಟಿ 2025ರಲ್ಲಿ ಆರಂಭಿಸಿದ, ದಿನಕ್ಕೆ 1,500 ದನಗಳ ಸಾಮರ್ಥ್ಯದ ಸಸ್ಟೇನಬಲ್ ಬೀಫ್ ಘಟಕದಲ್ಲಿ ವಾಲ್‌ಮಾರ್ಟ್ ಅಲ್ಪಪಾಲು ಹೊಂದಿದೆ. ಬಂಡವಾಳದ ಹೊರೆಯನ್ನು ಮಾಲೀಕರಷ್ಟೇ ಹೊರುವುದು ಎಷ್ಟು ಕಷ್ಟವೆಂಬುದಕ್ಕೆ ಇದು ಸಾಕ್ಷಿ.

4. ಉಪಸಂಹಾರ

ಹಾಗಾದರೆ ಪರಸ್ಪರ ಮಾರ್ಗದರ್ಶನ ಕೇವಲ ಉತ್ಪಾದನೆಯ ಉಪಾಯವೇ? ಅಲ್ಲ. ನಿಗದಿತ ದಿನಕ್ಕೆ ಒಂದೇ ಹದದ ದನ ಒಪ್ಪಿಸಬಲ್ಲವರು ಯಾರು ಎಂಬುದು ಪರಸ್ಪರ ಕ್ಲೋಸ್‌ಔಟ್ ನೋಡಿದವರಿಗೇ ಗೊತ್ತು. ಹೊಣೆ ಹೊರುವ ಕರಾರಿಗೆ ಸಹಿ ಹಾಕಲು ಬೇಕಾದ ನಂಬಿಕೆ ಹುಟ್ಟುವುದು ಆ ತಿಳಿವಳಿಕೆಯಿಂದ. ಆದ್ದರಿಂದ ಮಾರ್ಗದರ್ಶನದ ಯೋಜನೆಗಳನ್ನು ಅಳೆಯಬೇಕಾದದ್ದು ಸಭೆಗೆ ಬಂದವರ ಸಂಖ್ಯೆಯಿಂದಲ್ಲ, ಅಲ್ಲಿ ಕಲಿತವರಲ್ಲಿ ಎಷ್ಟು ಮಂದಿ ಕೂಡಿ ಮಾರಲು ಒಪ್ಪಿಕೊಂಡರು ಎಂಬುದರಿಂದ.